ಕಪ್ಪೆಗೆ ಹೆಡೆ, ಬಾಣಂತಿಗೆ ಸಮಿತಿ

ಹೆರಿಗೆಯ ವಿಚಾರದಲ್ಲಿ ನಮ್ಮ ಶೃಂಗೇರಿ ತಾಲ್ಲೂಕಿಗಿರುವ ಹಿರಿಮೆ ಈ ದೇಶದ ಬೇರೆ ಯಾವ ತಾಲ್ಲೂಕಿಗೂ ಇಲ್ಲ. ಶಂಕರಾಚಾರ್ಯರು ಪೀಠಕ್ಕೆ ಜಾಗ ಹುಡುಕುತ್ತಾ ತುಂಗೆಯ ದಡಕ್ಕೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಗುಡ್ಡವಲ್ಲ, ಹೊಳೆಯಲ್ಲ, ಒಂದು ಹೆರಿಗೆ. ಸುಡುಬಿಸಿಲಲ್ಲಿ ಬೇನೆ ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆ ಬಿಚ್ಚಿ ನೆರಳು ಹಿಡಿದಿತ್ತಂತೆ. ಹಾವು ತಾಯಿ ಕಾರ್ಡ್ ಕೇಳಲಿಲ್ಲ. ಆಧಾರ್ ಜೆರಾಕ್ಸ್ ಕೇಳಲಿಲ್ಲ. ‘ಇಲ್ಲಿ ಸೌಲಭ್ಯ ಇಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ’ ಎಂದು ಚೀಟಿ ಬರೆದುಕೊಡಲಿಲ್ಲ. ಹುಟ್ಟು ವೈರಿಯೇ ಹೀಗೆ ನಡೆದುಕೊಳ್ಳುವ ಜಾಗ ಇನ್ನೆಲ್ಲಿ ಸಿಕ್ಕೀತು ಎಂದು ಆಚಾರ್ಯರು ಅಲ್ಲೇ ನಿಂತರು. ಕಪ್ಪೆ ಶಂಕರನ ಗುಡಿ ಇವತ್ತಿಗೂ ಅಲ್ಲಿದೆ. ನಮ್ಮ ತಾಲ್ಲೂಕಿನಲ್ಲಿ ಸಮಯಕ್ಕೆ ಸರಿಯಾಗಿ ಸಿಕ್ಕ ಮೊದಲ ಹೆರಿಗೆ ಸೇವೆಗೆ ಕಟ್ಟಿದ ಸ್ಮಾರಕ ಅದು ಅನ್ನಬಹುದು. ಎರಡನೆಯದಕ್ಕೆ ಜಾಗ ಕಾದಿರಿಸಿದ್ದಾರೋ ಇಲ್ಲವೋ ವಿಚಾರಿಸಿಲ್ಲ.

ಅಲ್ಲಿಂದ ಹತ್ತು ಕಿಲೋಮೀಟರ್ ಆಚೆ ಕಿಗ್ಗ. ಅಲ್ಲಿರುವವನು ಋಷ್ಯಶೃಂಗ. ಮಳೆ ತರಿಸುವ ದೇವರು ಎಂದೇ ಪ್ರಸಿದ್ಧಿ, ಆದರೆ ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದ ಪುರೋಹಿತನೂ ಈತನೇ. ಮೂರು ರಾಣಿಯರು, ನಾಲ್ಕು ಮಕ್ಕಳು, ಒಬ್ಬ ಬಾಣಂತಿಗೂ ಜ್ವರ ಬಂದ ದಾಖಲೆ ಇಲ್ಲ. ಈ ಮಹಾನುಭಾವ ಹೆಣ್ಣು ಎಂದರೇನೆಂದೇ ತಿಳಿಯದ ಹಾಗೆ ಕಾಡಿನಲ್ಲಿ ಬೆಳೆದವನು. ನಮ್ಮಲ್ಲಿ ತಾಯಂದಿರ ಯೋಜನೆಗಳ ಕಡತ ಬರೆಯುವವರನ್ನು ನೋಡಿದರೆ ಆ ಗುರುಕುಲ ಈಗಲೂ ನಡೆಯುತ್ತಿರಬೇಕು ಎಂದು ಒಮ್ಮೊಮ್ಮೆ ಅನಿಸುತ್ತದೆ. ಇರಲಿ. ಒಂದು ಕಡೆ ಹೆರಿಗೆ ವಾರ್ಡು, ಇನ್ನೊಂದು ಕಡೆ ಸಂತಾನ ವಿಭಾಗ. ಅದನ್ನೂ ದಾಟಿ ನಾಲ್ಕೈದು ಕಿಲೋಮೀಟರ್ ಕಾಡು ಹೊಕ್ಕರೆ ನಮ್ಮ ಸಿರಿಮನೆ. ಹೊರಗಿನವರು ಬರುವುದು ಅಬ್ಬಿ ನೋಡಲು. ಬೇಸಿಗೆಯಲ್ಲೂ ಆರದ ನೀರು. ನೀರು ನಮ್ಮಲ್ಲಿ ಗುಡ್ಡದಿಂದ ಧೋ ಎಂದು ಬೀಳುತ್ತದೆ. ಆಸ್ಪತ್ರೆಯ ನಲ್ಲಿಯಿಂದ ಬೀಳಬೇಕಾದಾಗ ಮಾತ್ರ ಅದಕ್ಕೆ ಪಂಪು, ಕರೆಂಟು, ಟೆಂಡರು ಎಲ್ಲ ಬೇಕಾಗುತ್ತದೆ.

ಕಳೆದ ಮಳೆಗಾಲದಲ್ಲಿ ತಂಗಿಯ ಮಗಳು ಬಾಣಂತನಕ್ಕೆ ಬಂದಿದ್ದಳು. ಸಿಸೇರಿಯನ್. ನಾಲ್ಕನೇ ದಿನ ಮನೆಗೆ ಕಳಿಸಿದರು, ಆರನೇ ದಿನ ರಾತ್ರಿ ನಡುಕ ಶುರುವಾಯಿತು. ಮನೆಯಲ್ಲಿ ಆ ರಾತ್ರಿ ಎಷ್ಟು ಜನ ಇದ್ದೆವೋ ಅಷ್ಟು ರೋಗನಿರ್ಣಯಗಳಾದವು. ಹಾಲು ಕಟ್ಟಿ ಬಂದ ಜ್ವರ ಎಂದಳು ತಂಗಿ. ತಲೆಗೆ ಬಟ್ಟೆ ಕಟ್ಟದೆ ಬಚ್ಚಲಿಂದ ಬಂದಳು, ಗಾಳಿ ಹೊಕ್ಕಿದೆ ಎಂದಳು ಅತ್ತಿಗೆ. ಎಂಬತ್ತೆರಡರ ನಮ್ಮ ದೊಡ್ಡಮ್ಮ ಮಾತ್ರ ಮೂಲಕ್ಕೇ ಕೈ ಹಾಕಿದಳು.

‘ಆಸ್ಪತ್ರೆಲಿ ಸಾಂಬಾರಿಗೆ ಎಂತ ಹಾಕಿದ್ರು?’

‘ಬದನೆಕಾಯಿ ಅಂತೆ.’

‘ಅಲ್ಲಿಗೆ ಆಯ್ತು. ನಂಜು.’

ಮಲೆನಾಡಿನಲ್ಲಿ ಬದನೆಕಾಯಿಯಷ್ಟು ಕೇಸು ಮೈಮೇಲೆ ಹಾಕಿಕೊಂಡ ಅಪರಾಧಿ ಇನ್ನೊಬ್ಬನಿಲ್ಲ. ಗಾಯ ಕೀವಾದರೆ ಬದನೆ, ಹೊಲಿಗೆ ಬಿಟ್ಟರೆ ಬದನೆ. ಬದನೆ ತಿನ್ನಲೇ ಇಲ್ಲ ಎಂದು ಸಾಕ್ಷಿ ಸಮೇತ ರುಜುವಾತಾದರೆ ಹಲಸು. ಕೊಯ್ದ ಕತ್ತರಿ, ಹೊಲಿದ ದಾರ, ಮುಟ್ಟಿದ ಕೈ ಇವುಗಳ ಮೇಲೆ ಎಫ್‌ಐಆರ್ ಆದದ್ದನ್ನು ನಾನು ಕೇಳಿಲ್ಲ.

ಬೆಳಗಿನ ಹೊತ್ತಿಗೆ ಅವಳ ಮಾತು ತೊದಲತೊಡಗಿತು. ಏದುಸಿರು. ಮೂತ್ರ ನಿಂತ ಹಾಗೇ ಆಗಿತ್ತು. ಮೈ ಬಿಸಿ ಇಳಿದು ತಣ್ಣಗಾದದ್ದು ಕಂಡು ಜ್ವರ ಬಿಟ್ಟಿತು ಎಂದು ನಾವು ಸಮಾಧಾನ ಮಾಡಿಕೊಂಡೆವು. ಬಾಣಂತಿ ಸನ್ನಿ ಎಂದು ಹಿಂದಿನವರು ಕರೆಯುತ್ತಿದ್ದದ್ದು ಇದನ್ನೇ ಎಂದು ನನಗೆ ಹೊಳೆದದ್ದು ಅವಳನ್ನು ಆಸ್ಪತ್ರೆಗೆ ಒಯ್ಯುವಾಗ ಆಗುಂಬೆ ಘಾಟಿಯ ತಿರುವುಗಳಲ್ಲಿ, ಮಂಜಿನಲ್ಲಿ ಮುಂದಿನ ಲೈಟೇ ಕಾಣದೆ ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟುಕೊಂಡು ಇಳಿಯುತ್ತಿದ್ದಾಗ. ಘಟ್ಟದ ಕೆಳಗಿನ ಆಸ್ಪತ್ರೆಯ ಹುಡುಗಿ ಡಾಕ್ಟರ್ ನೋಡಿದ ಕೂಡಲೇ ‘ಸೆಪ್ಸಿಸ್’ ಎಂದಳು. ಕನ್ನಡದಲ್ಲಿ ಎಂತ ಹೇಳ್ತಾರೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ‘ನಂಜು’ ಎಂದಳು. ದೊಡ್ಡಮ್ಮ ಗೆದ್ದಳು. ಆರೋಪಿ ಮಾತ್ರ ಬದಲಾಗಿದ್ದ: ಗರ್ಭಕೋಶಕ್ಕೆ ಬ್ಯಾಕ್ಟೀರಿಯಾ ಹೊಕ್ಕು ರಕ್ತಕ್ಕೆ ಇಳಿದಿತ್ತು. ಹುಡುಗಿ ಉಳಿದಳು. ಹನ್ನೆರಡು ದಿನ ಐಸಿಯು, ಅರ್ಧ ಎಕರೆ ಅಡಿಕೆಯ ಫಸಲು.

ಹೊಟ್ಟೆಯಲ್ಲಿರುವಾಗ ಅವಳು ದೇವರ ಸಮಾನ. ಸೀಮಂತ, ಬಳೆ, ಬಯಸಿದ ತಿಂಡಿ. ಹೆತ್ತ ಗಳಿಗೆಯಿಂದ ಮನೆಗೆಲ್ಲ ಅಮೆ, ಅವಳು ಮೈಲಿಗೆ. ಮುಟ್ಟಿದವರು ಮೀಯಬೇಕು. ಹಳೇ ಕಾಲದಲ್ಲಿ ಇನ್ನೂ ಚೆಂದ. ಕೊಟ್ಟಿಗೆ ಮಗ್ಗುಲಿನ ಕತ್ತಲೆ ಕೋಣೆ, ಹೇಗೂ ಎಸೆಯುವುದೇ ತಾನೆ ಎಂದು ಮನೆಯಲ್ಲಿದ್ದ ಅತಿ ಹಳೆಯ ಬಟ್ಟೆ, ಹೇಗೂ ಮೈಲಿಗೆಯೇ ತಾನೆ ಎಂದು ಹೊರಗೆ ಬಿದ್ದಿದ್ದ ಕತ್ತಿ. ಹೊಕ್ಕುಳ ಬಳ್ಳಿಗೆ ಅದೇ ಕತ್ತಿ. ಹೆತ್ತವಳು ಮೈಲಿಗೆ ಎಂದಾದ ಮೇಲೆ ಅವಳಿಗೆ ಹೊಸ ಬಟ್ಟೆ ಕೊಡುವ ಮೂರ್ಖ ಯಾರು? ಹನ್ನೊಂದನೇ ದಿನ ಪುಣ್ಯಾಹ, ಪಂಚಗವ್ಯ. ಸರ್ಕಾರ ಸೂಲಗಿತ್ತಿಯರಿಗೆ ತರಬೇತಿ ಕೊಡುತ್ತಿದ್ದ ಕಾಲದಲ್ಲಿ ಇನ್ನೊಂದು ಪಂಚಕ ಕಲಿಸಿತ್ತು: ಶುದ್ಧ ಕೈ, ಶುದ್ಧ ಜಾಗ, ಶುದ್ಧ ಬ್ಲೇಡು, ಶುದ್ಧ ದಾರ, ಶುದ್ಧ ಹೊಕ್ಕುಳು. ಅದರಲ್ಲಿ ದರ್ಭೆ ಇರಲಿಲ್ಲ, ದಕ್ಷಿಣೆಯೂ ಇರಲಿಲ್ಲ. ನಮ್ಮಲ್ಲಿ ಅದು ಹಬ್ಬಲು ಕಷ್ಟವಾದದ್ದರಲ್ಲಿ ಆಶ್ಚರ್ಯವೇನು? ಪಾವಗಡದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಎಲ್ಲ ಸೂಲಗಿತ್ತಿಯರೂ ನರಸಮ್ಮ ಆಗಿರಲಿಲ್ಲ ಎನ್ನುವುದನ್ನು ನಮ್ಮ ಗುಡ್ಡದ ಅಂಚಿನ ಹಳೇ ಸಮಾಧಿಗಳು ಹೇಳುತ್ತವೆ. ಹಾಗೆ ಸತ್ತವಳನ್ನೂ ನಾವು ಸುಮ್ಮನೆ ಬಿಡಲಿಲ್ಲ. ಬಾಣಂತಿ ದೆವ್ವ ಎಂದು ಹೆಸರಿಟ್ಟು ಹುಣಸೆಮರಕ್ಕೆ ಹತ್ತಿಸಿದೆವು.

ಈ ಮೈಲಿಗೆಯ ಲೆಕ್ಕಾಚಾರದಲ್ಲಿ ನಾವೊಬ್ಬರೇ ಎಡವಿದ್ದಲ್ಲ ಎನ್ನುವುದು ಸಮಾಧಾನದ ಸಂಗತಿ. 1840ರ ದಶಕದ ವಿಯೆನ್ನಾ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರರು ಮತ್ತು ಅವರ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರರ ವಾರ್ಡಿನಲ್ಲಿ 1846ರಲ್ಲಿ ನೂರಕ್ಕೆ 11 ಬಾಣಂತಿಯರು ಸತ್ತರು, ಸೂಲಗಿತ್ತಿಯರ ವಾರ್ಡಿನಲ್ಲಿ ಮೂರಕ್ಕಿಂತ ಕಡಿಮೆ. ಮೊದಲ ವಾರ್ಡಿಗೆ ಹಾಕಬೇಡಿ ಎಂದು ಹೆಂಗಸರು ಮೊಣಕಾಲೂರಿ ಬೇಡುತ್ತಿದ್ದರಂತೆ. ಕೆಲವರು ಬೀದಿಯಲ್ಲೇ ಹೆತ್ತು ಬರುತ್ತಿದ್ದರು, ಬೀದಿಯಲ್ಲಿ ಹೆತ್ತವರೇ ಹೆಚ್ಚು ಬದುಕುತ್ತಿದ್ದರು. ಆಗ ದೊಡ್ಡವರು ಏನು ಮಾಡಬೇಕೋ ಅದನ್ನೇ ಮಾಡಿದರು. ಸಮಿತಿ ರಚಿಸಿದರು! ವಿದೇಶಿ ವಿದ್ಯಾರ್ಥಿಗಳು ಒರಟಾಗಿ ಪರೀಕ್ಷಿಸುವುದೇ ಕಾರಣ ಎಂದು ಸಮಿತಿ ಕಂಡುಹಿಡಿದು ಅವರ ಸಂಖ್ಯೆ ಕಡಿಮೆ ಮಾಡಿತು. ಗಾಳಿಯ ದೋಷ, ಗ್ರಹಗತಿ, ಹೆಂಗಸರ ಭಯ ಎಲ್ಲವೂ ಪಟ್ಟಿಯಲ್ಲಿದ್ದವು. ಪಾದ್ರಿ ಗಂಟೆ ಬಾರಿಸುತ್ತಾ ವಾರ್ಡು ಹಾಯುವುದರಿಂದ ಹೆದರಿ ಸಾಯುತ್ತಾರೇನೋ ಎಂದು ಅವನ ದಾರಿಯನ್ನೂ ಬದಲಿಸಿ ನೋಡಿದರು. ಬದನೆಕಾಯಿ ಒಂದು ಬಿಟ್ಟುಹೋಗಿತ್ತು.

ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಕಿರಿಯ ಡಾಕ್ಟರು ಕಂಡದ್ದು ಬಹಳ ಸರಳ. ಇವರು ಬೆಳಿಗ್ಗೆ ಹೆಣ ಕೊಯ್ಯುತ್ತಾರೆ, ಅದೇ ಕೈಯಲ್ಲಿ ಬಂದು ಹೆರುವವಳನ್ನು ಪರೀಕ್ಷಿಸುತ್ತಾರೆ. 1847ರ ಮೇ ತಿಂಗಳಿಂದ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜುಲೈ ಹೊತ್ತಿಗೆ ಒಂದರ ಆಸುಪಾಸಿಗೆ ಇಳಿಯಿತು. ಹೆಣ ಮುಟ್ಟಿದವನು ಮೀಯದೆ ಬಾಣಂತಿಯ ಕೋಣೆಗೆ ಹೋಗಬಾರದು ಎನ್ನುವುದಕ್ಕೆ ವಿಯೆನ್ನಾಕ್ಕೆ ಅಷ್ಟು ಲೆಕ್ಕ ಬೇಕಾಯಿತು. ನಮ್ಮ ದೊಡ್ಡಮ್ಮನನ್ನು ಬಾಗಿಲಲ್ಲಿ ಕೂರಿಸಿದ್ದರೆ ಪ್ರೊಫೆಸರುಗಳನ್ನೆಲ್ಲ ಸೂತಕದವರು ಎಂದು ಬಚ್ಚಲಿಗೆ ಅಟ್ಟುತ್ತಿದ್ದಳು. ಆಮೇಲೆ ಬಾಣಂತಿಗೆ ಹರಕು ಬಟ್ಟೆ ಕೊಟ್ಟು ಕೆಲಸ ಕೆಡಿಸುತ್ತಿದ್ದಳು, ಆ ಮಾತು ಬೇರೆ. ವಿಯೆನ್ನಾದ ಪ್ರೊಫೆಸರುಗಳಿಗೆ ತಮ್ಮ ಕೈ ಮೈಲಿಗೆ ಎಂದದ್ದನ್ನು ಸಹಿಸಲಾಗಲಿಲ್ಲ. ಅಮೆರಿಕದ ಚಾರ್ಲ್ಸ್ ಮೀಗ್ಸ್ ಎಂಬ ದೊಡ್ಡ ಪ್ರಸೂತಿ ವೈದ್ಯನೂ ಅದೇ ಜಾತಿ: ಡಾಕ್ಟರರು ಸಭ್ಯಸ್ಥರು, ಸಭ್ಯಸ್ಥರ ಕೈ ಕೊಳೆಯಾಗುವುದುಂಟೇ ಎನ್ನುವುದು ಅವನ ವಾದ. ಸೆಮ್ಮೆಲ್‌ವೈಸ್‌ಗೆ ಕೆಲಸ ಹೋಯಿತು, ಬುದ್ಧಿ ಕೆಟ್ಟಿತು ಎಂದರು, 1865ರಲ್ಲಿ ಹುಚ್ಚಾಸ್ಪತ್ರೆಗೆ ಹಾಕಿದರು. ಎರಡೇ ವಾರದಲ್ಲಿ ಗಾಯಕ್ಕೆ ನಂಜೇರಿ ಸತ್ತ. ಯಾವ ನಂಜಿನ ಬೆನ್ನು ಹತ್ತಿದ್ದನೋ ಅದೇ ನಂಜು.

ಇಷ್ಟು ಹಳೆಯ ಕಥೆ ಈಗೇಕೆ ಎನ್ನುವವರು ಬಳ್ಳಾರಿಗೆ ಬರಬೇಕು. 2024ರ ನವೆಂಬರ್ 9ರಿಂದ 11ರವರೆಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಆದವು. ಏಳು ಬಾಣಂತಿಯರಿಗೆ ಮೂತ್ರಪಿಂಡ ಕೈಕೊಟ್ಟಿತು, ಒಂದರ ಹಿಂದೆ ಒಂದು ಅಂಗ ಸೋತಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ಸತ್ತಿದ್ದರು. ಅನುಮಾನ ಬಿದ್ದದ್ದು ನರಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ಪಶ್ಚಿಮ ಬಂಗಾಳದ ಒಂದು ಕಂಪನಿಯದು. ಇಂಥ ಬಾಟಲಿ ಕೆಟ್ಟರೆ ಹೇಗೆ ಕೊಲ್ಲುತ್ತದೆ ಎನ್ನುವುದನ್ನು ಘಟ್ಟದ ಕೆಳಗಿನ ಆ ಡಾಕ್ಟರ್ ಹುಡುಗಿ ನನಗೆ ಬಿಡಿಸಿ ಹೇಳಿದ್ದಳು. ಬಾಟಲಿಯನ್ನು ಕುದಿಸಿ ಬ್ಯಾಕ್ಟೀರಿಯಾ ಕೊಂದರೂ ಅದರ ಗೋಡೆಯ ಚೂರುಗಳು ಎಂಡೋಟಾಕ್ಸಿನ್ ಆಗಿ ಉಳಿದುಬಿಡಬಹುದು. ರಕ್ತಕ್ಕೆ ಸೇರಿದರೆ ನಡುಕ, ರಕ್ತದೊತ್ತಡ ಕುಸಿತ, ಅಂಗಾಂಗ ವೈಫಲ್ಯ. ಸತ್ತ ಬಾಣಂತಿ ಕಾಡುತ್ತಾಳೆ ಎನ್ನುವುದು ಸುಳ್ಳು, ಸತ್ತ ಬ್ಯಾಕ್ಟೀರಿಯಾ ಕಾಡುತ್ತದೆ ಎನ್ನುವುದು ನಿಜ. ಹುಣಸೆಮರದಲ್ಲಿ ನಾವು ಹುಡುಕಿದ ದೆವ್ವ ಸಲೈನ್ ಸ್ಟ್ಯಾಂಡಿನಲ್ಲಿ ನೇತಾಡುತ್ತಿರಲೂಬಹುದು.

ಆಮೇಲೆ ಶುರುವಾಯಿತು ನೋಡಿ ಕೈ ತೊಳೆಯುವ ಕಾರ್ಯಕ್ರಮ. ಸೋಪು ನೀರಿನಲ್ಲಿ ಸರಿಯಾಗಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮವರಿಗೆ ಒಂದು ಪತ್ರಿಕಾಗೋಷ್ಠಿ ಸಾಕು, ನೀರೂ ಬೇಡ. ಕೆಲವು ಬ್ಯಾಚು ಕಳಪೆ ಎಂದು ನಮ್ಮ ಲ್ಯಾಬು ಮೊದಲೇ ಹೇಳಿತ್ತು, ಸರಿಯಿದೆ ಎಂದದ್ದು ಕೇಂದ್ರದ ಲ್ಯಾಬು ಎಂದು ರಾಜ್ಯ ತೊಳೆದುಕೊಂಡಿತು. ಕೊಂಡವರು ನೀವು, ಹಾಕಿದವರು ನೀವು ಎಂದು ವಿರೋಧಿಗಳು ಅದೇ ನೀರನ್ನು ತಿರುಗಿ ಎರಚಿದರು. ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರದ ಮೆಡಿಕಲ್ ಕಾಲೇಜಿನಲ್ಲೂ ಸಿಸೇರಿಯನ್ ಆದ ಬಾಣಂತಿ ಸತ್ತಳು, ಅಲ್ಲೂ ಅದೇ ಕಂಪನಿಯ ಬಾಟಲಿಯ ಮಾತೆದ್ದಿತು. ಅಲ್ಲಿಯ ಸರ್ಕಾರ 12 ಡಾಕ್ಟರರನ್ನು ಅಮಾನತು ಮಾಡಿ ಕೈ ಒರೆಸಿಕೊಂಡಿತು. ನಮ್ಮಲ್ಲಿ ಆಡಿಟ್ ಆಯಿತು: 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ 464 ತಾಯಂದಿರ ಸಾವು, ಅದರಲ್ಲಿ ನೂರಕ್ಕೆ ಎಪ್ಪತ್ತು ತಪ್ಪಿಸಬಹುದಾಗಿದ್ದವು. ‘ತಪ್ಪಿಸಬಹುದಾಗಿದ್ದ’ ಎನ್ನುವ ಪದ ಎಷ್ಟು ಮಡಿ ನೋಡಿ. ಕರ್ತೃವೇ ಇಲ್ಲ. ಯಾರು ತಪ್ಪಿಸಬಹುದಾಗಿತ್ತು ಎಂದು ಕೇಳಲು ಕನ್ನಡ ವ್ಯಾಕರಣದಲ್ಲಿ ಅವಕಾಶವಿದೆ, ಕಡತದಲ್ಲಿ ಇಲ್ಲ.

ನಮಗೆ ಆಸ್ಪತ್ರೆ ದೂರ ಎಂದು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಹೆಂಗಸರು ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ: ಜೀಪು ಹತ್ತಿ, 108ಕ್ಕೆ ಕಾದು, ಮಳೆಯಲ್ಲಿ ನೆನೆದು, ನೀವು ಹೇಳಿದ ಬಾಗಿಲಿಗೆ ಬಂದಿದ್ದಾರೆ. ಆದರೂ 2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 69, ಗಡಿಯಾಚೆ ಕೇರಳದಲ್ಲಿ 19. ಎಲ್ಲ ಸಾವೂ ನಂಜಿನದಲ್ಲ, ರಕ್ತಸ್ರಾವ ಇದೆ, ರಕ್ತದೊತ್ತಡ ಇದೆ. ಆದರೂ ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ. ದೇಶದ ಸರಾಸರಿ 97 ಆಗಿದ್ದರಿಂದ ಭಾಷಣಕ್ಕೆ ತೊಂದರೆ ಆಗಲಿಲ್ಲ. ಭಾಷಣ ಮಾಡುವವರು ಸದಾ ತೆಂಕಣಕ್ಕೆ ಬೆನ್ನು ಹಾಕಿಯೇ ನಿಲ್ಲುತ್ತಾರೆ.

ಆ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೇ ರಾಜ್ಯದ ಹೆರಿಗೆಗಳಲ್ಲಿ ಮೂರರಲ್ಲೊಂದರಷ್ಟು ಸಿಸೇರಿಯನ್ ಆಗಿದ್ದವು. ಕೊಯ್ದಲ್ಲಿ ನಂಜಿಗೆ ಬಾಗಿಲು ಜಾಸ್ತಿ. ಅದಕ್ಕಾಗಿ ಚರ್ಮಕ್ಕೆ ಕತ್ತಿ ಹಾಕುವ ಮೊದಲಿನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಡಬೇಕು ಎನ್ನುವುದು ನಿಯಮ. ತಂಗಿಯ ಮಗಳಿಗೂ ನಮ್ಮ ಜೋಯಿಸರು ಗಳಿಗೆ ಇಟ್ಟುಕೊಟ್ಟಿದ್ದರು: ಬೆಳಿಗ್ಗೆ 9.12ರಿಂದ 9.40, ರಾಹುಕಾಲ ತಪ್ಪಿಸಿ, ನಕ್ಷತ್ರ ನೋಡಿ. ಅಳಿಯ ವಾಚು ಹಿಡಿದು ಥಿಯೇಟರಿನ ಬಾಗಿಲಲ್ಲೇ ನಿಂತಿದ್ದ. ಇಂಜೆಕ್ಷನ್ನಿಗೂ ಒಂದು ಮುಹೂರ್ತ ಇದೆ, ಅದು ಕೂಡಿ ಬಂತೋ ಎಂದು ನಾವ್ಯಾರೂ ಕೇಳಲಿಲ್ಲ. ಮಗುವಿಗೆ ಗಜಕೇಸರಿ ಯೋಗ ಬಿತ್ತು. ತಾಯಿಗೆ ಬಿದ್ದದ್ದನ್ನು ಮೇಲೆ ಹೇಳಿದ್ದೇನೆ.

ಇನ್ನೊಂದು ತಮಾಷೆ ನಮ್ಮ ಬೆಳಗಾವಿಯದು. ಹೆರಿಗೆ ಬೇನೆಯಲ್ಲಿರುವವಳಿಗೆ ಅಜಿತ್ರೋಮೈಸಿನ್ ಎರಡು ಗ್ರಾಂ ಒಂದೇ ಸಲ ನುಂಗಿಸಿದರೆ ಏನಾಗುತ್ತದೆ ಎಂದು ಏಳು ದೇಶಗಳ 29,278 ಹೆಂಗಸರಲ್ಲಿ ಪರೀಕ್ಷೆ ನಡೆಯಿತು. ನಮ್ಮ ಬೆಳಗಾವಿ ಮತ್ತು ನಾಗಪುರವೂ ಅದರಲ್ಲಿದ್ದವು. ಸಹಜ ಹೆರಿಗೆಗೆ ಬಂದವರೇ ಎಲ್ಲರೂ. 2023ರಲ್ಲಿ ಫಲಿತಾಂಶ ಬಂತು: ಗುಳಿಗೆ ನುಂಗಿದವರಲ್ಲಿ ಸೆಪ್ಸಿಸ್ ಅಥವಾ ಸಾವು ನೂರಕ್ಕೆ 1.6, ಬರೀ ತೋರಿಕೆಯ ಗುಳಿಗೆ ನುಂಗಿದವರಲ್ಲಿ 2.4. ಸಾವು ಎರಡೂ ಕಡೆ ತೀರಾ ಕಡಿಮೆ, ಇಳಿದದ್ದು ನಂಜು. ಕೂಸುಗಳ ನಂಜಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ ಹಂಚಿದರೆ ಬ್ಯಾಕ್ಟೀರಿಯಾ ಮದ್ದಿಗೆ ಒಗ್ಗಿಕೊಂಡೀತು ಎನ್ನುವ ಎಚ್ಚರಿಕೆ ಸರಿಯಾದದ್ದೇ. ಆ ಎಚ್ಚರಿಕೆಯನ್ನು ಕೇಳಿ ನನಗೆ ನಗು ಬಂದದ್ದು ಯಾಕೆಂದರೆ, ಇದೇ ಅಜಿತ್ರೋಮೈಸಿನ್ನನ್ನು ನಮ್ಮ ಪೇಟೆಯ ಮೆಡಿಕಲ್ಲುಗಳಲ್ಲಿ ಶೀತಕ್ಕೂ ಕೆಮ್ಮಿಗೂ ಚೀಟಿ ಇಲ್ಲದೆ ಕೊಡುತ್ತಾರೆ. ಎರಡು ಗ್ರಾಂ ಎಂದರೆ ನಾಲ್ಕು ಗುಳಿಗೆ, ಹೆಚ್ಚು ಕಡಿಮೆ ಒಂದು ಮಸಾಲೆ ದೋಸೆ ಕಾಫಿಯ ಬೆಲೆ. ಮೂಗು ಸುರಿಯುವ ಗಂಡಸಿಗೆ ಅದು ಧಾರಾಳ, ಹೆರುವವಳ ಸರದಿ ಬಂದಾಗ ಮಾತ್ರ ಬ್ಯಾಕ್ಟೀರಿಯಾದ ಭವಿಷ್ಯದ ಚಿಂತೆ.

2007ರಲ್ಲಿ ಸರ್ಕಾರ ಮಡಿಲು ಕಿಟ್ ತಂದಿತ್ತು. ತಾಯಿಗೆ ಹೊದಿಕೆ, ಮಗುವಿಗೆ ಸೊಳ್ಳೆ ಪರದೆ, ಜೊತೆಗೆ ಸೋಪು. ಒಳ್ಳೆಯ ಯೋಜನೆ, ನಾನು ಕುಹಕ ಆಡುತ್ತಿಲ್ಲ. ಸೋಪು ಬಂದದ್ದು ಮಾತ್ರ ಹೆರಿಗೆ ಆದ ಮೇಲೆ, ಮುಟ್ಟಿಸಿಕೊಂಡವಳ ಕೈಗೆ. ಮೈಲಿಗೆ ಯಾರದು ಎನ್ನುವ ಬಗ್ಗೆ ದೊಡ್ಡಮ್ಮನಿಗೂ ಸರ್ಕಾರಕ್ಕೂ ಒಮ್ಮತ ಇತ್ತು ಎಂದಾಯಿತು.

ಮೊನ್ನೆ ಮಗುವಿಗೆ ಅಕ್ಷರಾಭ್ಯಾಸಕ್ಕೆ ಇನ್ನೂ ವರ್ಷಗಳಿದ್ದರೂ ಶಾರದೆಗೆ ತೋರಿಸಿಕೊಂಡು ಬರೋಣ ಎಂದು ಎಲ್ಲರೂ ಹೋಗಿದ್ದೆವು. ದರ್ಶನ, ಊಟ ಮುಗಿಸಿ ಹೊಳೆಯ ಬದಿಗೆ ಇಳಿದೆವು. ಕಪ್ಪೆ ಶಂಕರನ ಮುಂದೆ ಘಟ್ಟದ ಕೆಳಗಿನ ಯಾರೋ ಹುಡುಗರು ಸೆಲ್ಫಿ ತೆಗೆಯುತ್ತಿದ್ದರು. ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತಳು, ಸೆರಗಲ್ಲಿ ಮುಖ ಒರೆಸಿಕೊಂಡಳು. ತಂಗಿಯ ಮಗಳು ಮಗುವನ್ನು ಕಂಕುಳಿಗೆ ಏರಿಸಿಕೊಂಡು ಆ ಕಲ್ಲನ್ನೇ ನೋಡುತ್ತಾ ನಿಂತಿದ್ದಳು.

‘ದೊಡ್ಡಜ್ಜಿ, ಆ ಕಪ್ಪೆಗೆ ಆಮೇಲೆ ಜ್ವರ ಗಿರ ಬರ್ಲಿಲ್ವಾ?’

‘ಅದ್ಕೆ ಎಂತಕ್ಕೆ ಬರ್ತದೆ ಮಾರಾಯ್ತಿ?’ ಎಂದಳು ದೊಡ್ಡಮ್ಮ. ‘ಬರೀ ನೆರಳು ಹಿಡೀತು ಅಷ್ಟೆ. ಹಾವಿಗೆ ಕೈ ಎಲ್ಲುಂಟು?’